ಟೇಪಿನ ಹಿಂಬದಿ

ಶಾಲೆಯ ಗ್ಲೋಬನ್ನು ಕುಂಬಳಕಾಯಿಯ ಹಾಗೆ ಕಂಕುಳಲ್ಲಿಟ್ಟುಕೊಂಡು
ಪೆನ್ಷನ್ ಮೊಹಲ್ಲಾದ ನನ್ನಂಗಡಿ ಮೆಟ್ಟಿಲು ಹತ್ತಿದಳು ಅಫ್ರೀನ್.
"ಶೀಲಕ್ಕಾ, ಸ್ಕೇಲು ಬಗ್ಗಲ್ಲ. ನಿಮ್ಮ ಟೇಪು ಕೊಡಿ."

ಟೋಕಿಯೊ, ಟೊರಾಂಟೊ. ಮೇಷ್ಟ್ರು ಕೊಟ್ಟ ಲೆಕ್ಕ:
ನಡುವೆ ಎಷ್ಟು ದೂರ, ವಿಮಾನಕ್ಕೆ ಎಷ್ಟು ಹೊತ್ತು.
ಆ ಎರಡೂರಲ್ಲೂ ನಮಗೆ ಯಾರೂ ಇಲ್ಲ,
ಅವಳಿಗೂ, ನನಗೂ, ಬಹುಶಃ ಮೇಷ್ಟರಿಗೂ.

ಮೊದಲು ನಡು ಅಳೆಯಬೇಕಂತೆ.
ಬಂದವರ ನಡು ಅಳೆಯುವುದೇ ನನ್ನ ಕಸುಬು,
ಭೂಮಿಯದು ಮಾತ್ರ ಇದೇ ಮೊದಲು.
ಮೂವತ್ತೊಂಬತ್ತೂಕಾಲು, ಚೂರು ಜಾಸ್ತಿ ಅಂದೆ.
ನನಗಿಂತ ಎರಡಿಂಚು ಸಣ್ಣ. ಅದನ್ನು ಹೇಳಲಿಲ್ಲ.
"ಇಂಚಲ್ಲ ಅಕ್ಕಾ, ತಿರುಗಿಸಿ."

ಟೇಪಿಗೊಂದು ಹಿಂಬದಿಯಿದೆ ಅನ್ನುವುದೇ ಮರೆತು ಹೋಗಿತ್ತು.
ಇಪ್ಪತ್ತೆರಡು ವರ್ಷ
ಇಂಚಿನ ಕಡೆ ನನ್ನ ಕಣ್ಣಿಗೆ,
ಸೆಂಟಿಮೀಟರಿನ ಕಡೆ ಗಿರಾಕಿಯ ಮೈಗೆ.
ನೂರು. ಸರಿಯಾಗಿ ನೂರು.
ಅಂದರೆ ಒಂದು ಸೆಂಟಿಮೀಟರಿಗೆ ನಾನೂರು ಕಿಲೋಮೀಟರು.

ಹಾಸನದಿಂದ ಅರಸೀಕೆರೆ ಎಷ್ಟಾಯ್ತೇ?
ಒಂದು ಮಿಲಿಮೀಟರ್.
ಆ ಒಂದು ಮಿಲಿಮೀಟರಿಗೆ ನಮ್ಮ ಕೆಂಪು ಬಸ್ಸು
ಒಂದೂಕಾಲು ಗಂಟೆ ತಿನ್ನುತ್ತೆ,
ದುದ್ದದಲ್ಲಿ ಡ್ರೈವರ್ ಟೀಗೆ ಇಳಿದರೆ ಇನ್ನೂ ಹತ್ತು ನಿಮಿಷ.

ಟೋಕಿಯೊ ಮೇಲೆ ಅವಳ ಹೆಬ್ಬೆರಳು, ಟೊರಾಂಟೊ ಮೇಲೆ ನಂದು.
ಸಮುದ್ರದ ಮೇಲೆ ನೆಟ್ಟಗೆ ಹೋಗಲಿ ಅಂತ ಹಾಸಿದ್ದೆ.
ಬಿಗಿಯಾಗಿ ಎಳೆದರೆ ಟೇಪು ನನ್ನ ಮಾತು ಕೇಳಲಿಲ್ಲ,
ಭುಜ ಬಿಟ್ಟು ಕೊರಳಿಗೆ ಜಾರುವ ಹಾಗೆ ಮೇಲಕ್ಕೆ ಜಾರಿ
ಅಲಾಸ್ಕದ ಮೇಲೆ ಹೋಗಿ ಕೂತಿತು.
ಹತ್ತಿರದ ದಾರಿ ಕಣ್ಣಿಗೆ ಸುತ್ತಾಗಿ ಕಾಣುತ್ತೆ.
ಇದು ಕಂಕುಳು ಕತ್ತರಿಸಿದ ಯಾರಿಗಾದರೂ ಗೊತ್ತು,
ಮೇಷ್ಟ್ರಿಗೆ ಗೊತ್ತೋ ಇಲ್ಲವೋ.

ಇಪ್ಪತ್ತಾರು.
ನನ್ನ ಕೇಳದೆ ನೀಲಿ ಪೆನ್ನಲ್ಲಿ ಅಲ್ಲೊಂದು ಚುಕ್ಕಿಯಿಟ್ಟಳು.
ಹತ್ತು ಸಾವಿರದ ನಾನೂರು ಕಿಲೋಮೀಟರು,
ಗಂಟೆಗೆ ಎಂಟುನೂರ ಐವತ್ತರ ಹಾಗೆ
ಹನ್ನೆರಡು ಗಂಟೆ ಹದಿನಾಲ್ಕು ನಿಮಿಷ.
ಆಮೇಲೆ ನನ್ನ ಬಾಬಿನ್ ಉರುಳಿಸುತ್ತಾ ಅಂದಳು:
ಚಳಿಗಾಲದಲ್ಲಿ ಅಲ್ಲಿ ಮಂಗಳವಾರ ಸಂಜೆ ಆರಕ್ಕೆ ಹೊರಟರೆ
ಇಲ್ಲಿ ಇಳಿಯೋದು ಅದೇ ಮಂಗಳವಾರ, ನಾಲ್ಕೂಕಾಲಿಗೆ.
"ಹೊರಡೋಕ್ಕೆ ಮುಂಚೆನೇ ತಲುಪ್ತಾರೆ ಅಕ್ಕಾ!"

ಪೆಡಲಿನ ಮೇಲೆ ನನ್ನ ಕಾಲು ನಿಂತಿತು.

ಚಂದ್ರಕಲಾಳ ಧಾರೆ ರವಿಕೆ. ಹದಿನಾಲ್ಕು ವರ್ಷವಾಯಿತು.
"ಬೆಳಗ್ಗೆ ಖಂಡಿತ" ಅಂದಿದ್ದೆ.
ರಾತ್ರಿ ಕರೆಂಟು ಹೋಯಿತು, ತುಳಿಯಲು ಕೂತರೆ ಬೆಲ್ಟು ಹರಿಯಿತು,
ಮೇಣದಬತ್ತಿಯಲ್ಲಿ ಒಂದೊಂದೇ ಹುಕ್ಕು, ಒಂದೊಂದೇ ಕಾಜ.
ಇಲ್ಲಿಂದ ಛತ್ರಕ್ಕೆ ಎರಡು ಕಿಲೋಮೀಟರು.
ಆಟೊ ಇಳಿಯುತ್ತಿದ್ದ ಹಾಗೇ ಗಟ್ಟಿಮೇಳ.
ಅತ್ತಿಗೆಯ ರವಿಕೆಗೆ ಎರಡೂ ಕಡೆ ಪಿನ್ನು ಹಾಕಿಕೊಂಡು ನಿಂತಿದ್ದಳು,
ನನ್ನ ನೋಡಿ ನಕ್ಕಳು ಕೂಡ.
ಅವರಪ್ಪ ಕೂಲಿ ಪೂರ್ತಿ ಕೊಟ್ಟು, ಊಟ ಮಾಡ್ಕೊಂಡು ಹೋಗಮ್ಮ ಅಂದರು.
ಆ ಎರಡು ಕಿಲೋಮೀಟರು ಈ ಗ್ಲೋಬಿನ ಮೇಲೆ
ನನ್ನ ಹನ್ನೊಂದನೇ ನಂಬರಿನ ಸೂಜಿಮೊನೆಗೂ ಸಿಗುವುದಿಲ್ಲ.

ಅಫ್ರೀನ್ ಉತ್ತರ ಬರಕೊಂಡು ಹೋದಳು,
ಅವಳ ಕಂಕುಳಲ್ಲಿ ಭೂಮಿ ಒಂದೆರಡು ಸುತ್ತು ತಿರುಗಿತು.

ಚುಕ್ಕಿ ಅಳಿಸಲು ಹೋಗಲಿಲ್ಲ ನಾನು.
ಮೊಣಕೈವರೆಗಿನ ತೋಳು ಬೇಕೆಂದವರಿಗೆ ಸುಮಾರು ಹತ್ತೂಕಾಲು ಇಂಚು,
ಅಷ್ಟೇ ನನಗೆ ಕಾಣುವುದು.
ಆ ಕಡೆ ಅವರ ಚರ್ಮಕ್ಕೆ ಒತ್ತಿಕೊಂಡು
ಒಂದು ವಿಮಾನ ಇಳಿಯುತ್ತಿರುತ್ತೆ, ಹೊರಟ ಹೊತ್ತಿಗಿಂತ ಮುಂಚೆ.

"ಯಾವಾಗ ಕೊಡ್ತೀರಿ?" ಅನ್ನುತ್ತಾರೆ.

ಮಂಗಳವಾರ, ಅನ್ನುತ್ತೇನೆ.